ಆಯಿಲ್ ಎಲ್ಲಿಂದ ಸೋರುತ್ತಿದೆ?

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ರಸ್ತೆಯ ಮೇಲಿನ ಊರುಗಳು. ಆ ರಸ್ತೆಗೆ ಈಗ ರಾಷ್ಟ್ರೀಯ ಹೆದ್ದಾರಿ 150ಎ ಎಂದು ಹೆಸರು. ಸಿಂಧನೂರಿಗೆ ಪ್ರಯಾಣಿಕರ ರೈಲು ಬಂದದ್ದು 2024ರಲ್ಲಿ. ಅಲ್ಲಿಯವರೆಗೆ ಭತ್ತದ ಚೀಲದಿಂದ ಹಿಡಿದು ಹೆರಿಗೆಗೆ ಹೊರಟ ಹೆಣ್ಣುಮಗಳವರೆಗೆ ಎಲ್ಲವೂ ರಸ್ತೆಯ ಮೇಲೇ ಸಾಗಬೇಕಿತ್ತು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಸುತ್ತಲೂ ವಲಸೆ ಬಂದ ರೈತರ ಕ್ಯಾಂಪುಗಳು ಹುಟ್ಟಿದವು, ರೈಸ್‌ಮಿಲ್ಲುಗಳು ಎದ್ದವು, ಅವುಗಳ ಬೆನ್ನಿಗೇ ಗ್ಯಾರೇಜುಗಳು ಸಾಲುಗಟ್ಟಿದವು. ಈ ಗ್ಯಾರೇಜುಗಳಲ್ಲಿ ಏನು ಬದಲಾಯಿತು ಎಂದು ಕೇಳಿದರೆ ಸಾಮಾನ್ಯವಾಗಿ ಸ್ಕ್ಯಾನರ್, ಏರ್ ಗನ್, ಹೈಡ್ರಾಲಿಕ್ ಲಿಫ್ಟಿನ ಹೆಸರು ಹೇಳುತ್ತಾರೆ. ಇಷ್ಟು ವರ್ಷ ಈ ಕಸುಬನ್ನು ಹತ್ತಿರದಿಂದ ನೋಡುತ್ತ ಬಂದ ನನಗೆ ದೊಡ್ಡದಾಗಿ ಕಾಣುವ ಬದಲಾವಣೆ ಬೇರೆ. ಹಳೆಯ ಕಾರಿನ ಎಂಜಿನ್ ಆಯಿಲ್ ಸೋರತೊಡಗಿದಾಗ, ಅದು ಎಲ್ಲಿಂದ ಬರುತ್ತಿದೆ, ಯಾಕೆ ಬರುತ್ತಿದೆ ಎಂದು ಹುಡುಕುವುದೇ ಮೊದಲು ಅರ್ಧ ಕೆಲಸವಾಗಿತ್ತು. ಇಂದು ಆ ಅರ್ಧ ಕಾಣೆಯಾಗಿದೆ; ಸೀಲು, ಪ್ಯಾಕಿಂಗ್ ಬದಲಿಸುವ ಅರ್ಧ ಮಾತ್ರ ಉಳಿದಿದೆ. ಒಂದೇ ಕಾರು ಮತ್ತೆ ಮತ್ತೆ ಅದೇ ದೂರು ಹೊತ್ತು ಗ್ಯಾರೇಜಿಗೆ ಬರುವುದಕ್ಕೆ ಮುಖ್ಯ ಕಾರಣ ಇದೇ ಎಂಬುದು ನನ್ನ ವಾದ.

ಅಂಬಾಸಿಡರ್ ಕಾಲದ ಉಸ್ತಾದರನ್ನು ನೆನೆಯುವಾಗ ಜನ ಮೊದಲು ಹೇಳುವುದು ಅವರ ಕೈಚಳಕವನ್ನು. ರೆಡಿ ಪ್ಯಾಕಿಂಗ್ ರಾಯಚೂರಿನಿಂದಲೋ ಬಳ್ಳಾರಿಯಿಂದಲೋ ಬರುವವರೆಗೆ ಕಾಯುವಂತಿರಲಿಲ್ಲ. ಪ್ಯಾಕಿಂಗ್ ಹಾಳೆಯನ್ನು ಕವರಿನ ಅಂಚಿನ ಮೇಲೆ ಹಾಸಿ, ಬಾಲ್‌ಪೀನ್ ಸುತ್ತಿಗೆಯಿಂದ ಅಂಚಿನುದ್ದಕ್ಕೂ ಹಗುರವಾಗಿ ಕುಟ್ಟುತ್ತ ಹೋದರೆ ಲೋಹದ ಏಣೇ ಹಾಳೆಯನ್ನು ಕತ್ತರಿಸುತ್ತಿತ್ತು. ಬೋಲ್ಟಿನ ತೂತಿನ ಮೇಲೆ ಸುತ್ತಿಗೆಯ ಗುಂಡು ತುದಿಯಿಂದ ಒಂದು ಪೆಟ್ಟು ಕೊಟ್ಟರೆ ದುಂಡಗಿನ ಚೂರು ಕೆಳಗೆ ಉದುರುತ್ತಿತ್ತು. ಆಮೇಲೆ ಎರಡೂ ಬದಿಗೆ ತೆಳ್ಳಗೆ ಶೆಲ್ಯಾಕ್ ಸವರುತ್ತಿದ್ದರು. ನೋಡಲು ಚೆಂದದ ಕೆಲಸ, ನಿಜ. ಆದರೆ ಅವರ ವಿದ್ಯೆಯ ತಿರುಳು ಅಲ್ಲಿರಲಿಲ್ಲ. ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಮೂಲತಃ ಬ್ರಿಟನ್ನಿನ ಬಿ-ಸೀರೀಸ್. ಅದರ ಕ್ರ್ಯಾಂಕಿನ ಹಿಂಬದಿಗೆ ಇಂದಿನಂತೆ ರಬ್ಬರ್ ಸೀಲ್ ಇರಲಿಲ್ಲ. ಶಾಫ್ಟಿನ ಮೇಲೆ ಕೊರೆದ ತಿರುಪಿನಂಥ ಗೀರು, ಎಂಜಿನ್ ತಿರುಗುವಾಗ ಆಯಿಲನ್ನು ಒಳಕ್ಕೆ ತಳ್ಳುತ್ತಿತ್ತು, ಅಷ್ಟೇ. ಬದಲಿಸುವುದಕ್ಕೆ ಸೀಲೇ ಇಲ್ಲದ ಕಡೆ ಸೋರಿಕೆ ನಿಲ್ಲಿಸಬೇಕಾದರೆ ಮೇಸ್ತ್ರಿ ಬೇರೆ ಏನನ್ನೋ ಯೋಚಿಸಲೇಬೇಕು. ಆಯಿಲನ್ನು ಹೊರಗೆ ನೂಕುತ್ತಿರುವ ಒತ್ತಡ ಯಾವುದು ಎಂಬ ಪ್ರಶ್ನೆಗೆ ಆ ಎಂಜಿನ್ನೇ ಅವರನ್ನು ತಂದು ನಿಲ್ಲಿಸಿತು.

ಉತ್ತರ ಹೆಚ್ಚಿನ ಸಲ ಬ್ರೀದರ್‌ನಲ್ಲಿ ಸಿಗುತ್ತಿತ್ತು. ಪಿಸ್ಟನ್ ರಿಂಗ್ ಎಷ್ಟೇ ಚೆನ್ನಾಗಿದ್ದರೂ ಉರಿದ ಅನಿಲ ಸ್ವಲ್ಪ ಕೆಳಕ್ಕೆ ನುಸುಳುತ್ತದೆ. ಗ್ಯಾರೇಜಿನ ಮಾತಿನಲ್ಲಿ ಅದು ಬ್ಯಾಕ್ ಕಂಪ್ರೆಶನ್. ಅದು ಹೊರಹೋಗಲು ಇರುವ ದಾರಿಯೇ ಬ್ರೀದರ್. ಆ ದಾರಿ ಕಟ್ಟಿಕೊಂಡರೆ ಎಂಜಿನ್ ಮುಚ್ಚಳ ಬಿಗಿದ ಅನ್ನದ ಪಾತ್ರೆಯಾಗುತ್ತದೆ, ಎಲ್ಲಿ ಸಂದು ಸಡಿಲವೋ ಅಲ್ಲಿ ಉಕ್ಕುತ್ತದೆ. ನಮ್ಮ ಕಡೆ ಅದು ಕಟ್ಟಿಕೊಳ್ಳಲು ಕಾರಣಗಳು ಬೇಕಾದಷ್ಟಿವೆ. ಭತ್ತದ ಕೊಯ್ಲಿನ ಹೊತ್ತಿಗೆ ಗಾಳಿಯಲ್ಲೇ ಹೊಟ್ಟು ತೇಲುತ್ತಿರುತ್ತದೆ. ಎರೆಮಣ್ಣಿನ ಕಾಲುವೆ ರಸ್ತೆ ಒಣಗಿದರೆ ನುಣ್ಣನೆಯ ಧೂಳು. ಆಯಿಲ್ ಆವಿ ಹತ್ತಿದ ಪೈಪಿನೊಳಗೆ ಅದೆಲ್ಲ ಅಂಟಿ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಬಿಸಿಲಿಗೆ ರಬ್ಬರ್, ಕಾರ್ಕ್ ಎರಡೂ ಒಣಗಿ ಕುಗ್ಗುತ್ತವೆ. ಇಂಥ ಕಡೆ ಹೊಸ ಸೀಲ್ ಹಾಕಿದರೆ ಅದು ಸ್ವಲ್ಪ ದಿನ ತಡೆಯುತ್ತದೆ, ಆಮೇಲೆ ಅದೇ ಒತ್ತಡ ಅದನ್ನೂ ಸೋಲಿಸುತ್ತದೆ. ಅದಕ್ಕೇ ತಿಳಿದ ಮೇಸ್ತ್ರಿ ಸ್ಪ್ಯಾನರ್ ಮುಟ್ಟುವ ಮೊದಲು ಎಂಜಿನ್ ಚಾಲೂ ಇಟ್ಟು ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆಯುತ್ತಿದ್ದ. ಅಂಗೈ ಅಡ್ಡ ಹಿಡಿದಾಗ ಹೊಗೆ ಗುದ್ದಿ ಬಂದರೆ ಬ್ರೀದರ್ ನೋಡು, ಅದು ತೆರೆದೇ ಇದ್ದರೆ ರಿಂಗ್ ನೋಡು. ಜಾಗ ಗೊತ್ತಾಗದಿದ್ದರೆ ಡೀಸೆಲ್, ಬ್ರಷ್ ಹಿಡಿದು ಇಡೀ ಎಂಜಿನ್ ತೊಳೆದು, ಒಣಗಿಸಿ, ಮೈಗೆ ಹಚ್ಚುವ ಪೌಡರ್ ಉದುರಿಸಿ ನಾಲ್ಕು ಮೈಲು ಓಡಿಸಿ ತರುವುದು. ಬಿಳಿಯ ಮೇಲೆ ಒದ್ದೆ ಗೆರೆ ಎಲ್ಲಿ ಶುರುವಾಗಿದೆಯೋ ಅದೇ ಜಾಗ. ಆಯಿಲ್ ಕೆಳಕ್ಕೆ ಇಳಿಯುತ್ತದೆ, ಓಡುವ ಗಾಳಿಗೆ ಹಿಂದಕ್ಕೆ ಹರಿಯುತ್ತದೆ. ಆದ್ದರಿಂದ ಹನಿ ಬೀಳುವ ಜಾಗವೇ ಸೋರುವ ಜಾಗ ಎಂದು ನಂಬುವಂತಿಲ್ಲ.

ಮಾರುತಿ 800 ಬಂದ ಮೇಲೆ, 1998ರ ನಂತರ ಇಂಡಿಕಾ ಸೇರಿದ ಮೇಲೆ, ಎಲ್ಲ ಎಂಜಿನ್‌ಗೂ ರೆಡಿ ಪ್ಯಾಕಿಂಗ್ ಸೆಟ್ ಸಿಗತೊಡಗಿತು, ಸಿಲಿಕಾನ್ ಟ್ಯೂಬು ಪ್ರತಿ ಅಂಗಡಿಗೂ ಬಂತು. ಇದರಿಂದ ಒಳ್ಳೆಯದೇ ಆಯಿತು. ಕೈಯಲ್ಲಿ ಕುಟ್ಟಿದ ಹಾಳೆಗಿಂತ ಕಾರ್ಖಾನೆಯ ಪ್ಯಾಕಿಂಗ್ ಸಾವಿರ ಪಾಲು ಮೇಲು. ಆದರೆ ಸಾಮಾನು ಸುಲಭವಾದಂತೆ ಸಂಶಯ ಬಂದದ್ದನ್ನೆಲ್ಲ ಬದಲಿಸುವ ರೂಢಿ ಬೆಳೆಯಿತು. ಕಾರ್ಬುರೇಟರಿನ 800ರಲ್ಲಿ ಡಿಸ್ಟ್ರಿಬ್ಯೂಟರ್ ಕೂರುವುದು ಗೇರ್‌ಬಾಕ್ಸಿನ ಕಡೆ, ಮೇಲ್ಭಾಗದಲ್ಲಿ. ಅದರ ಓ-ರಿಂಗ್ ಗಟ್ಟಿಯಾದರೆ ಆಯಿಲ್ ಗೇರ್‌ಬಾಕ್ಸಿನ ಮೇಲೆ ಇಳಿದು, ಕೆಳಗಿನಿಂದ ನೋಡುವವರಿಗೆ ಹಿಂದಿನ ಮೇನ್ ಸೀಲ್ ಹೋದಂತೆಯೇ ಕಾಣುತ್ತದೆ. ಮೇನ್ ಸೀಲ್ ಎಂದರೆ ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಎಲ್ಲ ಇಳಿಯಬೇಕು. ಚಿಲ್ಲರೆ ಕಾಸಿನ ಒಂದು ರಬ್ಬರ್ ಬಳೆಗೆ ಬದಲು ಇಷ್ಟೆಲ್ಲ ಇಳಿಸಿ ಏರಿಸಿದ ಮೇಲೂ ಕಾರು ಸೋರುತ್ತಲೇ ಇರುತ್ತದೆ. ಎಂಜಿನ್ ತಳದ ಆಯಿಲ್ ಚೇಂಬರ್ ಕೂರಿಸುವಾಗ ದಪ್ಪಗೆ ಹಿಂಡಿದ ಸಿಲಿಕಾನ್ ಇನ್ನೂ ಅಪಾಯ. ಒಳಕ್ಕೆ ಉಬ್ಬಿದ ಎಳೆ ಕಳಚಿ ಆಯಿಲ್ ಪಂಪಿನ ಜಾಲರಿಗೆ ಅಡ್ಡ ಬಿದ್ದರೆ ಬೇರಿಂಗೇ ಹೋಗುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ, ಹೊಸ ಎಂಜಿನ್‌ಗಳು ಸೋರುವುದೇ ಅಪರೂಪ, ಹಳೆಯ ವಿದ್ಯೆ ಇನ್ನೇಕೆ ಎಂಬುದು. ಮೊದಲರ್ಧ ಒಪ್ಪುತ್ತೇನೆ. ಆದರೆ ಇಂದಿನ ಹೊಸ ಕಾರೂ ಹಳೆಯದಾಗುತ್ತದೆ, ಬ್ರೀದರಿನ ಜಾಗದಲ್ಲಿ ಪಿಸಿವಿ ವಾಲ್ವ್ ಬಂದಿದ್ದರೂ ಅದೂ ಕಟ್ಟುತ್ತದೆ. ಹಳೆಯ ಕಾರನ್ನು ಗುಜರಿಗೆ ಹಾಕಿ ಎನ್ನುವವರಿದ್ದಾರೆ. 2022ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಅದನ್ನು ಕಟ್ಟಿ ಕಾರು ಉಳಿಸಿಕೊಳ್ಳುವವರಿಗೆ ಇನ್ನೊಂದು ಕಾರು ಕೊಳ್ಳುವ ದಾರಿ ಇರುವುದಿಲ್ಲ. ಸೋರಿದಷ್ಟು ಸುರಿಯುತ್ತ ಹೋದರಾಯಿತು ಎಂಬುದು ಮೂರನೆಯ ಮಾತು. ನಿಮಿಷಕ್ಕೊಂದು ಹನಿ ಬಿದ್ದರೂ ದಿನಕ್ಕೆ ಸುಮಾರು 70 ಮಿಲಿಲೀಟರ್, ಎರಡು ವಾರಕ್ಕೆ ಒಂದು ಲೀಟರ್. ಸುಮಾರು ಮೂರು ಲೀಟರ್ ಹಿಡಿಯುವ 800ರ ಎಂಜಿನ್‌ನಲ್ಲಿ ಡಿಪ್‌ಸ್ಟಿಕ್ ನೋಡಲು ಒಮ್ಮೆ ಮರೆತರೆ ಸಾಕು. ಬಿದ್ದ ಆಯಿಲ್ ಕ್ಯಾಂಪಿನ ಅಂಗಳದಿಂದ ಮಳೆನೀರಿನೊಡನೆ ಗದ್ದೆಗೇ ಇಳಿಯುತ್ತದೆ.

ಇವೆಲ್ಲಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. ಉಸ್ತಾದರ ವಿದ್ಯೆ ಹರಿದು ಬಂದದ್ದು ಹತ್ತು ಹನ್ನೆರಡು ವರ್ಷದ ಹುಡುಗರ ಬೆನ್ನ ಮೇಲೆ. ಶಾಲೆ ಬಿಟ್ಟು, ಬೈಸಿಕೊಂಡು, ಡೀಸೆಲ್‌ನಲ್ಲಿ ಕೈ ಅದ್ದಿಕೊಂಡು, ಕೇಳಿದ್ದಕ್ಕೆ ಉತ್ತರ ಸಿಗದೆ ಬರೀ ನೋಡಿ ಕಲಿತವರು ಅವರು. ಆ ವ್ಯವಸ್ಥೆ ಮರಳಿ ಬರಬಾರದು. 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ನಿಷೇಧಿಸಿದ್ದು ನ್ಯಾಯವೇ. ಆದರೆ ಹುಡುಕುವ ವಿದ್ಯೆಗೆ ಆ ಕ್ರೌರ್ಯ ಬೇಕಾಗಿರಲಿಲ್ಲ. ಮುಚ್ಚಳ ತೆಗೆದು ಅಂಗೈ ಹಿಡಿಯುವುದನ್ನೂ ಪೌಡರ್ ಉದುರಿಸಿ ಗೆರೆ ಓದುವುದನ್ನೂ ಐಟಿಐನ ಎರಡು ವರ್ಷದ ಮೋಟಾರ್ ಮೆಕ್ಯಾನಿಕ್ ತರಬೇತಿಯಲ್ಲಿ ಕಾರಣ ಸಮೇತ ಕಲಿಸಬಹುದು. ಕಲಿತವನು ಅದನ್ನು ಬಳಸುವಂತಾಗಬೇಕಾದರೆ ಗಿರಾಕಿಯೂ ಬದಲಾಗಬೇಕು. ಇವತ್ತಿನ ಬಿಲ್ಲಿನಲ್ಲಿ ಸಾಮಾನಿನ ಬೆಲೆ ಇದೆ, ಬಿಚ್ಚಿ ಕೂರಿಸುವ ಕೂಲಿ ಇದೆ. ಅರ್ಧ ದಿನ ತೊಳೆದು, ಓಡಿಸಿ, ನೋಡಿ, ಕಡೆಗೆ ಒಂದು ಪೈಪು ಚೊಕ್ಕಟ ಮಾಡಿ ಸೋರಿಕೆ ನಿಲ್ಲಿಸಿದವನಿಗೆ ಬರೆದುಕೊಳ್ಳಲು ಸಾಲೇ ಇಲ್ಲ. ಏನೂ ಹಾಕಲಿಲ್ಲವಲ್ಲ, ದುಡ್ಡು ಯಾಕೆ ಎಂದು ಕೇಳುವ ಗಿರಾಕಿಯ ಎದುರು ಮೇನ್ ಸೀಲ್ ಬದಲಿಸುವುದೇ ಮೇಸ್ತ್ರಿಗೆ ಹೊಟ್ಟೆಪಾಡಿನ ದಾರಿಯಾಗುತ್ತದೆ. ಸಿಂಧನೂರಿನಲ್ಲಾಗಲಿ ಲಿಂಗಸುಗೂರಿನಲ್ಲಾಗಲಿ ಹುಡುಕಿದ ಕೂಲಿ ಎಂದು ಬಿಲ್ಲಿನಲ್ಲಿ ಒಂದು ಸಾಲು ಬರೆಯುವ ಗ್ಯಾರೇಜು ಶುರುವಾದರೆ, ಅದನ್ನು ಚೌಕಾಸಿ ಮಾಡದೆ ಕೊಡಬೇಕು.