ನೆಲವಿಲ್ಲದಲ್ಲಿ ಅರ್ತ್

ಬೇಸಿಗೆ ಬಂತೆಂದರೆ ನಮ್ಮ ಮನೆಯಲ್ಲಿ ತುಳಸಿಕಟ್ಟೆಯ ಜೊತೆ ಇನ್ನೊಂದಕ್ಕೂ ನೀರು ಹಾಕಬೇಕಿತ್ತು. ಅದು ಅಪ್ಪ ಹಿತ್ತಿಲಲ್ಲಿ ಉಪ್ಪು, ಇದ್ದಿಲು ತುಂಬಿ ಮಾಡಿದ್ದ ಅರ್ತಿನ ಗುಂಡಿ. ಗುಂಡಿ ಒಣಗಿದರೆ ರೇಡಿಯೋ ಗೊರಗೊರ ಅನ್ನುತ್ತದೆಂದು ಅವರ ವಾದ. "ಅದಕ್ಕೊಂದು ಅರಿಶಿನ ಕುಂಕುಮವನ್ನೂ ಹಚ್ಚಿಬಿಡಿ" ಎಂದು ಅಮ್ಮ ಗೊಣಗುತ್ತಲೇ ಕೊಡ ಎತ್ತುತ್ತಿದ್ದಳು.

ಆ ಮನೆಯಿಂದ ಹೊರಟ ನಾನು ಬಂದು ಸೇರಿದ್ದು ಮಲ್ಪೆ ಬಂದರಿಗೆ, ಬೋಟುಗಳ ವೈರ್‌ಲೆಸ್, ಜಿಪಿಎಸ್, ಫಿಶ್ ಫೈಂಡರ್ ರಿಪೇರಿಗೆ. ನೆಲವೇ ಇಲ್ಲದಲ್ಲಿ ಅರ್ತ್ ಎಲ್ಲಿ ಕೊಡುವುದು? ಉತ್ತರ ಸುತ್ತಲೂ ತುಳುಕುತ್ತಿತ್ತು. ಸಮುದ್ರದ ಉಪ್ಪುನೀರಿನಷ್ಟು ಒಳ್ಳೆಯ ಅರ್ತ್ ಯಾವ ಹಿತ್ತಿಲಲ್ಲೂ ಸಿಗುವುದಿಲ್ಲ. ಮರದ ಬೋಟಿಗೆ, ಫೈಬರ್ ಬೋಟಿಗೆ ತಳದ ಹೊರಗೆ ತಾಮ್ರದ ಇಲ್ಲವೇ ಕಂಚಿನ ತಗಡು ಕೂರಿಸಿ, ಅಲ್ಲಿಂದ ಒಳಕ್ಕೆ ತಾಮ್ರದ ಅಗಲ ಪಟ್ಟಿ ಎಳೆದರಾಯಿತು. ಪಟ್ಟಿಯೇ ಯಾಕೆಂದರೆ, ರೇಡಿಯೋದ ಕರೆಂಟು ಲೋಹದ ಮೈಮೇಲೆ ಹರಿಯುತ್ತದೆಯೇ ಹೊರತು ಒಳಕ್ಕೆ ಇಳಿಯುವುದಿಲ್ಲ.

ರೇಡಿಯೋ ಹುಟ್ಟುವ ಮುಂಚೆಯೇ ಹಡಗಿನಲ್ಲಿ ತಾಮ್ರದ ಪಟ್ಟಿ ಇತ್ತು, ಸಿಡಿಲಿಗಾಗಿ. ಮೊದಲೆಲ್ಲ ಸಿಡಿಲಿನ ಸರಪಳಿಯನ್ನು ಪೆಟ್ಟಿಗೆಯಲ್ಲಿಟ್ಟು, ಮೋಡ ಕವಿದಾಗ ಕಂಬಕ್ಕೆ ಏರಿಸುತ್ತಿದ್ದರು. ಆ ಹೊತ್ತಿಗೆ ಕಂಬ ಹತ್ತಲು ಯಾವ ನಾವಿಕನಿಗೆ ತಾನೇ ಮನಸ್ಸಾದೀತು! ಇಂಗ್ಲೆಂಡಿನ ಪ್ಲಿಮತ್‌ನ ವೈದ್ಯ ವಿಲಿಯಂ ಸ್ನೋ ಹ್ಯಾರಿಸ್, ಕಂಬದಲ್ಲೇ ತೋಡು ಕೊರೆದು ತಾಮ್ರದ ಪಟ್ಟಿ ಹುದುಗಿಸಿ ಸಮುದ್ರದವರೆಗೂ ಇಳಿಸಿದ. 1831ರಲ್ಲಿ ಡಾರ್ವಿನ್ ಹತ್ತಿದ ಬೀಗಲ್ ಹಡಗಿನಲ್ಲಿ ಇದ್ದದ್ದು ಅವನದೇ ಪಟ್ಟಿ. ಹಡಗಿಗೆ ಸಿಡಿಲು ಹೊಡೆಯಿತು, ಆದರೆ ಏನೂ ಆಗಲಿಲ್ಲ. 1847ರಲ್ಲಿ ಹ್ಯಾರಿಸ್‌ಗೆ ಸರ್ ಪದವಿ ಬಂತು.

ಕರೆಂಟನ್ನು ಕೆಳಗಿಳಿಸಿ ಕೈತೊಳೆದುಕೊಳ್ಳುವುದು ಸುಲಭದ ಭಾಗ. ತಲೆ ತಿನ್ನುವುದು ವೈರುಗಳೊಳಗೆ ನುಸುಳುವ ಬೇಡದ ಕರೆಂಟಿನ ಗದ್ದಲ. ಒಮ್ಮೆ ಬೋಟು ನಡೆಸುವ ತಾಂಡೇಲರೊಬ್ಬರು ದಕ್ಕೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದರು. "ಸ್ಕ್ರೀನ್ ತುಂಬ ಬೂತಾಯಿ ಕಾಣ್ತದೆ, ಬಲೆಗೆ ಒಂದೂ ಬರುದಿಲ್ಲ ಮಾರಾಯ್ರೆ." ಬೋಟು ದಕ್ಕೆಗೆ ಕಟ್ಟಿಕೊಂಡೇ ಇತ್ತು. ಇಂಜಿನ್ ಹಾಕಿದೆವು, ಮೀನು ಹಿಂಡುಹಿಂಡಾಗಿ ಬಂತು. ಇಂಜಿನ್ ನಿಲ್ಲಿಸಿದೆವು, ಒಂದೂ ಇಲ್ಲ. "ಇದು ಡೀಸೆಲ್ ಕುಡಿಯುವ ಮೀನು" ಎಂದು ಕಲಾಸಿಯೊಬ್ಬ ನಕ್ಕ.

ಹಲಗೆ ಎತ್ತಿದರೆ ವಿಷಯ ಅಲ್ಲೇ ಬಿದ್ದಿತ್ತು. ತಳದಿಂದ ಬರುವ ಫಿಶ್ ಫೈಂಡರಿನ ಕೇಬಲ್ಲನ್ನೂ ಆಲ್ಟರ್ನೇಟರಿನ ದಪ್ಪ ವೈರನ್ನೂ ಯಾರೋ ಅಂದವಾಗಿ ಒಂದೇ ಕಟ್ಟು ಕಟ್ಟಿದ್ದರು. ಸಾಲದ್ದಕ್ಕೆ ಕೇಬಲ್ಲಿನ ಶೀಲ್ಡನ್ನು, ಅಂದರೆ ಒಳಗಿನ ತಾಮ್ರದ ಜಾಲರಿಯನ್ನು, ಎರಡೂ ತುದಿಯಲ್ಲಿ ಅರ್ತಿಗೆ ಕೊಟ್ಟಿದ್ದರು. ಒಂದರ ಬದಲು ಎರಡಿದ್ದರೆ ಗಟ್ಟಿ ಎಂಬ ಲೆಕ್ಕ ಇರಬೇಕು. ಬೋಟಿನ ಎರಡು ಜಾಗದ ಅರ್ತ್ ಎಂದೂ ಒಂದೇ ಮಟ್ಟದಲ್ಲಿರುವುದಿಲ್ಲ. ನಡುವೆ ಚೂರು ವ್ಯತ್ಯಾಸವಿದ್ದರೂ ಸಾಕು, ಗದ್ದಲ ತಡೆಯಬೇಕಾದ ಜಾಲರಿಯೊಳಗೇ ಕರೆಂಟು ಹರಿದು ಗದ್ದಲ ಹುಟ್ಟುತ್ತದೆ. ಒಂದು ತುದಿ ಬಿಡಿಸಿ, ಕೇಬಲ್ಲನ್ನು ಇನ್ನೊಂದು ಬದಿಯಿಂದ ಎಳೆದೆ. ದಾಟಲೇಬೇಕಾದ ಕಡೆ ದಪ್ಪ ವೈರನ್ನು ಅಡ್ಡಕ್ಕೆ ದಾಟಿಸಿದೆ. ಬೂತಾಯಿ ಮಾಯ.

ಅರ್ತಿನ ಮೇಲಿನ ಈ ಅತಿನಂಬಿಕೆಗೆ ಮೂಲಪುರುಷ ಜರ್ಮನಿಯ ವಿಜ್ಞಾನಿ ಸ್ಟೈನ್‌ಹೈಲ್ ಎಂದು ನನ್ನ ಗುಮಾನಿ. 1838ರಲ್ಲಿ ಅವನು ರೈಲುಹಳಿಗಳನ್ನೇ ಟೆಲಿಗ್ರಾಫ್ ತಂತಿ ಮಾಡಲು ಹೊರಟ. ಕರೆಂಟು ಒಂದು ಹಳಿಯಿಂದ ಇನ್ನೊಂದಕ್ಕೆ ನೆಲದಲ್ಲೇ ಸೋರಿಹೋಯಿತು. ನೆಲ ಇಷ್ಟು ಚೆನ್ನಾಗಿ ಸಾಗಿಸುವುದಾದರೆ ವಾಪಸು ಬರಲು ಎರಡನೆಯ ತಂತಿ ಯಾಕೆಂದು ಹೊಳೆದದ್ದು ಆಗಲೇ. ಟೆಲಿಗ್ರಾಫಿನ ಖರ್ಚೇನೋ ಉಳಿಯಿತು. ಟೆಲಿಫೋನಿಗೂ ಅದೇ ಜಿಪುಣತನ ಮಾಡಿದಾಗ ನೆಲದ ಗಲಾಟೆಯೆಲ್ಲ ಕಿವಿಗೆ ಬಂತು. ಕೊನೆಗೆ 1881ರಲ್ಲಿ ಗ್ರಹಾಂ ಬೆಲ್, ಎರಡು ತಂತಿಗಳನ್ನು ಜಡೆಯ ಹಾಗೆ ಹೊಸೆಯುವ ಉಪಾಯಕ್ಕೆ ಪೇಟೆಂಟ್ ಪಡೆದ. ಪ್ರತಿ ಸುತ್ತಿಗೂ ತಂತಿಗಳು ಜಾಗ ಬದಲಿಸುವುದರಿಂದ ಹೊರಗಿನ ಗದ್ದಲ ಎರಡಕ್ಕೂ ಸಮನಾಗಿ ತಾಗಿ ವಜಾ ಆಗುತ್ತದೆ. ಬೋಟಿನಲ್ಲಿ ಈಗಲೂ ನಾವು ಮಾಡುವುದು ಅದನ್ನೇ.

ಆ ಜಿಪುಣತನವೂ ಬಂದರಿನಲ್ಲಿ ಇನ್ನೂ ಬದುಕಿದೆ. ಉಕ್ಕಿನ ಬೋಟಿನ ಮೈಯನ್ನೇ ನೆಗೆಟಿವ್ ವೈರ್ ಮಾಡಿಕೊಂಡವರಿದ್ದಾರೆ. ಹಾಗೆ ಅಲೆಯುವ ಕರೆಂಟು ನೀರಿನಡಿಯ ಲೋಹವನ್ನು ಸದ್ದಿಲ್ಲದೆ ತಿನ್ನುತ್ತದೆ. ಉಳಿದ ಲೋಹದ ಬದಲು ತಾನು ಕರಗಲೆಂದು ತಳಕ್ಕೆ ಬಡಿದ ಸತುವಿನ ತುಂಡು ಬೇಗ ಕರಗಿದರೆ ಸತುವಿನ ಅಂಗಡಿಯವನನ್ನು ಬೈಯುವ ಮೊದಲು ವೈರಿಂಗ್ ನೋಡಿಸಬೇಕು.

ಮೀನುಗಾರಿಕೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳು ದಡದಲ್ಲೇ ಇರುತ್ತವೆ. ಬಣ್ಣ ಬಳಿಸುತ್ತೀರಿ, ಬಲೆ ಹೊಲಿಸುತ್ತೀರಿ. ಹಾಗೆಯೇ ಅರ್ತಿನ ಬೋಲ್ಟನ್ನೂ ಒಮ್ಮೆ ಬಿಚ್ಚಿಸಿ, ಹಸಿರು ಕಿಲುಬು ಉಜ್ಜಿಸಿ, ಬಿಗಿ ಮಾಡಿಸಿ. ಹೊಸ ಸೆಟ್ಟು ಬೇಕೇ ಬೇಡವೇ ಎಂಬುದನ್ನು ಆಮೇಲೆ ಮಾತಾಡೋಣ.