ಸ್ವಾಮ್ಯ ಯಾರದು ಸ್ವಾಮಿ?

ನಾವು ಅಂಬೇಡ್ಕರರನ್ನ ಮೊದಲು ಓದಿದ್ದು ಜೆರಾಕ್ಸಿನಲ್ಲಿ. ಹಾಸ್ಟೆಲಿನ ಸೀನಿಯರೊಬ್ಬರು ಕೊಟ್ಟ ಹಾಳೆಗಳು. ಅವರಿಗೂ ಇನ್ಯಾರೋ ಕೊಟ್ಟಿದ್ದು. ಜೆರಾಕ್ಸಿನ ಜೆರಾಕ್ಸು, ಅದರದ್ದೊಂದು ಜೆರಾಕ್ಸು. ಅಂಚಿನ ಅಕ್ಷರಗಳು ಉದುರಿಹೋಗಿದ್ದವು, ಪಿನ್ನು ತುಕ್ಕು ಹಿಡಿದಿತ್ತು. ರೂಮಿನ ಲೈಟು ಆರಿದ ಮೇಲೆ ಬಚ್ಚಲ ಕಡೆಯ ಬಲ್ಬಿನ ಕೆಳಗೆ ಕೂತು ಓದಿದೆವು. ಅದು 'ಜಾತಿ ವಿನಾಶ'. ಮುಗಿಸುವ ಹೊತ್ತಿಗೆ ನಮ್ಮ ಕೇರಿಗಿದ್ದ ಬೇರೆ ಬಾವಿ, ಗೌಡರ ಜಗುಲಿಯ ಕೆಳಗೆ ನಮ್ಮಪ್ಪ ಕೈಕಟ್ಟಿ ನಿಲ್ಲುತ್ತಿದ್ದ ರೀತಿ, ಎಲ್ಲಕ್ಕೂ ಕಾರಣ ಸಿಕ್ಕಿದ ಹಾಗಾಯಿತು. ಆ ಹಾಳೆಗಳ ಪ್ರತಿ ತೆಗೆದವರು ಕಾನೂನಿನ ಕಣ್ಣಿಗೆ ಕಳ್ಳರೋ ಏನೋ. ಅವತ್ತು ನಮಗೆ ಆ ಪ್ರಶ್ನೆ ಹುಟ್ಟಲೇ ಇಲ್ಲ.

ಆಮೇಲೆ ಹುಟ್ಟಿತು. ಗ್ರಂಥಸ್ವಾಮ್ಯ ಅನ್ನೋ ಪದ ನೋಡಿ. ಅದರೊಳಗೇ ಒಬ್ಬ ಸ್ವಾಮಿ ಕೂತಿದ್ದಾನೆ. ಭೂಮಿಗೆ ಸ್ವಾಮಿ, ನೀರಿಗೆ ಸ್ವಾಮಿ, ಗುಡಿಗೆ ಸ್ವಾಮಿ ಇದ್ದದ್ದು ನಮಗೆ ಗೊತ್ತಿತ್ತು. ಅಕ್ಷರಕ್ಕೂ ಒಬ್ಬ ಇದ್ದಾನೆ ಅಂತ ಗೊತ್ತಾದಾಗ ಆಶ್ಚರ್ಯವೇನೂ ಆಗಲಿಲ್ಲ. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಸುರಿಯಿರಿ ಅಂದವರ ನಾಡು ಇದು. ಅದೇ ಸೀಸದಲ್ಲಿ ಅಚ್ಚಿನ ಮೊಳೆ ಎರಕ ಹೊಯ್ದ ಮೇಲೆ ತಾನೇ ನಮ್ಮಂಥವರ ಕೈಗೆ ಪುಸ್ತಕ ಬಂದದ್ದು?

ಆ ಪುಸ್ತಕದ ಕತೆಯನ್ನೇ ತಗೊಳ್ಳಿ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಕರೆದು, ಭಾಷಣ ಓದಿ ಬೆಚ್ಚಿ, ಸಮ್ಮೇಳನವನ್ನೇ ನಿಲ್ಲಿಸಿತು. ಅಂಬೇಡ್ಕರರು ಅದನ್ನ ತಮ್ಮ ಖರ್ಚಿನಲ್ಲೇ ಅಚ್ಚು ಹಾಕಿಸಿದರು. 1,500 ಪ್ರತಿ, ಎಂಟಾಣೆ ಬೆಲೆ. ಎರಡು ತಿಂಗಳಲ್ಲಿ ಖರ್ಚಾದವು. ಒಳಗಿನ ಮಾತನ್ನ ಒಪ್ಪದ ಗಾಂಧಿಯವರು 'ಹರಿಜನ' ಪತ್ರಿಕೆಯಲ್ಲಿ ಬರೆಯುತ್ತಾ ಬೆಲೆಯನ್ನ ಎರಡಾಣೆಗೆ, ಆಗದಿದ್ದರೆ ನಾಲ್ಕಾಣೆಗಾದರೂ ಇಳಿಸಿ ಅಂದರು. ಈ ಒಂದು ಮಾತಿನಲ್ಲಿ ಮಾತ್ರ ನಾವು ಗಾಂಧಿಯವರ ಕಡೆ.

1957ರ ಕಾಯ್ದೆಯಲ್ಲಿ ಲೇಖಕ ಸತ್ತ ಮೇಲೆ 50 ವರ್ಷದವರೆಗೆ ಸ್ವಾಮ್ಯ ಅಂತಿತ್ತು. 1991ರ ಕೊನೆಗೆ ರವೀಂದ್ರನಾಥ ಠಾಕೂರರ ಕೃತಿಗಳು ಬಿಡುಗಡೆಯಾಗಬೇಕಿತ್ತು. ವಿಶ್ವಭಾರತಿಯ ಕೈ ತಪ್ಪುತ್ತದೆ ಅಂತ ಗದ್ದಲವೆದ್ದು 1992ರಲ್ಲಿ 60 ಮಾಡಿದರು. ಒಬ್ಬ ಕವಿಗಾಗಿ ಬಾಗಿಲು ಹಾಕಿದರು. ಒಳಗೆ ಯಾರ್ಯಾರು ಸಿಕ್ಕಿಕೊಂಡರು ಅಂತ ಯಾರೂ ತಿರುಗಿ ನೋಡಲಿಲ್ಲ. 1956ರಲ್ಲಿ ತೀರಿಕೊಂಡ ಅಂಬೇಡ್ಕರರು ಬದುಕಿದ್ದಾಗ ಅಚ್ಚಾಗಿದ್ದ ಬರಹಗಳು 2007ಕ್ಕೆ ಎಲ್ಲರ ಸ್ವತ್ತಾಗಬೇಕಿದ್ದವು, 2017ರ ಜನವರಿಗೆ ಆದವು. ಸತ್ತ ಮೇಲೆ ಅಚ್ಚಾದ ಬರಹಗಳಿಗೆ ಲೆಕ್ಕವೇ ಬೇರೆ, ಅಚ್ಚಾದ ದಿನದಿಂದ ಎಣಿಕೆ. 'ರಿಡಲ್ಸ್' ಹೊರಬಂದದ್ದು 1987ರಲ್ಲಿ. ನಮ್ಮ ತಲೆ ನರೆಯುವವರೆಗೆ ಅದಕ್ಕೆ ಬೀಗ.

ಇನ್ನು ದಿಲ್ಲಿಯ ಕತೆ. ದಿಲ್ಲಿ ವಿಶ್ವವಿದ್ಯಾಲಯದ ಆವರಣದ ಒಂದು ಜೆರಾಕ್ಸ್ ಅಂಗಡಿ, ಪುಟಕ್ಕೆ 40 ಪೈಸೆ. ಮೇಷ್ಟರು ಹೇಳಿದ ಅಧ್ಯಾಯಗಳನ್ನ ಸೇರಿಸಿ ಕಟ್ಟು ಮಾಡಿ ಹುಡುಗರಿಗೆ ಕೊಡುತ್ತಿದ್ದರು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನದವರು ಆ ಅಂಗಡಿಯ ಮೇಲೂ ವಿಶ್ವವಿದ್ಯಾಲಯದ ಮೇಲೂ ದಾವೆ ಹೂಡಿದರು. ನೂರಾರು ವರ್ಷದ ವಿದ್ಯಾಪೀಠಗಳ ಹೆಸರು ಹೊತ್ತವರು ಒಂದು ಅಂಗಡಿಯ ಎದುರು ಕುಸ್ತಿಗೆ ನಿಂತರು. ಲೇಖಕರ ಹೊಟ್ಟೆ ಮೇಲೆ ಹೊಡೆದ ಹಾಗೆ ಅಂತ ಅವರ ವಾದ. ತಮಾಷೆ ಅಂದರೆ ಆ ಲೇಖಕರೇ ಬೇಡ ಅಂದರು. ಅಮರ್ತ್ಯ ಸೇನ್ ಪತ್ರ ಬರೆದರು. ಆ ಕಟ್ಟುಗಳಲ್ಲಿ ತಮ್ಮ ಬರಹವಿದ್ದ ಕೆಲವರೂ ಸೇರಿ ಮುನ್ನೂರಕ್ಕೂ ಹೆಚ್ಚು ವಿದ್ವಾಂಸರು ಸಹಿ ಹಾಕಿದರು. 2016ರ ಸೆಪ್ಟೆಂಬರ್ 16ರಂದು ನ್ಯಾಯಮೂರ್ತಿ ಎಂಡ್ಲಾ ದಾವೆ ವಜಾ ಮಾಡಿದರು. ಗ್ರಂಥಸ್ವಾಮ್ಯ ದೈವದತ್ತವಲ್ಲ, ಹುಟ್ಟಿನಿಂದ ಬಂದ ಹಕ್ಕೂ ಅಲ್ಲ ಎಂಬರ್ಥದ ಮಾತು ಆ ತೀರ್ಪಿನಲ್ಲಿದೆ. ದೈವದತ್ತ ಅನ್ನೋದನ್ನ ಕೋರ್ಟು ಹಾಗೆ ತೆಗೆದುಹಾಕಿದ್ದು ಓದಿ ನಾವು ಒಬ್ಬರೇ ಕೂತು ನಕ್ಕೆವು. ನಮಗೆ ಬಡಿದಿದ್ದೆಲ್ಲ ದೈವದತ್ತ ಅಂತಲೇ ಬಡಿದದ್ದು. ಮೇಲ್ಮನವಿ ಆಯಿತು, ಕೊನೆಗೆ 2017ರಲ್ಲಿ ಪ್ರಕಾಶಕರೇ ಕೇಸು ವಾಪಸು ತಗೊಂಡರು.

ಆದರೆ ಎಲ್ಲ ಕಡೆ ಗೆದ್ದಿಲ್ಲ. 2010ರ ತಿದ್ದುಪಡಿ ಮಸೂದೆಯಲ್ಲಿ ಒಂದು ಸಣ್ಣ ಸಾಲಿತ್ತು. ಹೊರದೇಶದಲ್ಲಿ ಒಪ್ಪಿಗೆಯಿಂದ ಅಚ್ಚಾದ ಪುಸ್ತಕವನ್ನ ಇಲ್ಲಿಗೆ ತರಿಸಿದರೆ ಅದು ಕಳ್ಳಮಾಲಲ್ಲ ಅಂತ. ಕಡಿಮೆ ಬೆಲೆಗೆ ಎಲ್ಲಿ ಸಿಗುತ್ತೋ ಅಲ್ಲಿಂದ ತರಿಸಬಹುದಿತ್ತು. ಸಂಸತ್ತಿನ ಸ್ಥಾಯಿ ಸಮಿತಿ ಕೂಡ ಸರಿ ಅಂದಿತ್ತು. ಪ್ರಕಾಶಕರು ಬೊಬ್ಬೆ ಹಾಕಿದರು: ಭಾರತದ ಪುಸ್ತಕೋದ್ಯಮ ಮುಳುಗುತ್ತೆ, ಬಡ ಲೇಖಕನ ರಾಯಲ್ಟಿ ಹೋಗುತ್ತೆ. 2012ರಲ್ಲಿ ಕಾಯ್ದೆ ಪಾಸಾದಾಗ ಆ ಸಾಲೇ ಇರಲಿಲ್ಲ. ಈ ಬಡ ಲೇಖಕ ಯಾರು ಸ್ವಾಮಿ? ನಮ್ಮನ್ನಂತೂ ಯಾರೂ ಕೇಳಲಿಲ್ಲ.

ಅದೇ ತಿದ್ದುಪಡಿಯಲ್ಲಿ ಒಳ್ಳೆಯದೂ ಇದೆ. ಕುರುಡರಿಗಾಗಿ ಬ್ರೈಲ್ ಪ್ರತಿ ಮಾಡಲು ಅಪ್ಪಣೆ ಬೇಡವಾಯಿತು. ಸಿನಿಮಾ ಹಾಡು ಬರೆದವರ, ರಾಗ ಹಾಕಿದವರ ರಾಯಲ್ಟಿ ಪಾಲನ್ನ ನಿರ್ಮಾಪಕರು ಬರೆಸಿಕೊಂಡು ನುಂಗುವುದು ತಪ್ಪಿತು. ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಅದಕ್ಕಾಗಿ ಮಾತಾಡಿದರು. ನಿರ್ಮಾಪಕರು ಅದನ್ನೂ ವಿರೋಧಿಸಿದ್ದರು. ಹಾಗಾಗಿ ಕಾಪಿರೈಟೇ ಬೇಡ, ಸುಟ್ಟುಹಾಕಿ ಅನ್ನೋ ನಮ್ಮ ಕೆಲವು ಗೆಳೆಯರ ಜೊತೆ ನಾವು ಪೂರ್ತಿ ಹೋಗಲಾರೆವು. ದುಡಿದವನಿಗೆ ಕೂಲಿ ಬೇಡವೇ?

ನಮ್ಮಜ್ಜಿಯದೊಂದು ಕತೆಯಿದೆ. ನಾವು ಹುಟ್ಟೋಕೆ ಮುಂಚೆ, ಎಂಬತ್ತರ ದಶಕದಲ್ಲಿ, ಯಾರೋ ಮೇಷ್ಟರು ಟೇಪ್‌ರೆಕಾರ್ಡರ್ ಹಿಡಿದು ಕೇರಿಗೆ ಬಂದಿದ್ದರಂತೆ. ಅಜ್ಜಿ ಎರಡು ರಾತ್ರಿ ಸೋಬಾನೆ, ನಾಟಿ ಪದ ಹಾಡಿದಳಂತೆ. ಎಲೆ ಅಡಿಕೆ ಕೊಟ್ಟು ಹೋದರು. ಎಂ.ಎ. ಓದುವಾಗ ಲೈಬ್ರರಿಯಲ್ಲಿ ಆ ಪುಸ್ತಕ ಸಿಕ್ಕಿತು. ನಮ್ಮೂರ ಹೆಸರಿತ್ತು. ಹಾಡಿದವರು: ಒಬ್ಬ ಹೆಂಗಸು. ಹಕ್ಕುಗಳು: ಸಂಪಾದಕರದು. ಹಾಡುವವರಿಗೆ ತಮ್ಮ ದನಿಯ ಮೇಲೆ ಒಂದು ಹಕ್ಕಿದೆ ಅಂತ ಈ ದೇಶದ ಕಾನೂನು ಒಪ್ಪಿದ್ದೇ 1994ರಲ್ಲಿ. ಹಿಂದೆ ಹಾಡಿದವಳಿಗೆ ಅದರಿಂದ ಏನೂ ಇಲ್ಲ. ಊರಿಗೆ ಹೋಗಿ ಓದಿ ಹೇಳಿದೆವು. ಅಜ್ಜಿ ಎಲೆ ಜಗಿಯುತ್ತಾ ಕೇಳಿದಳು.

'ಅಯ್, ಬುಡ್ ಮಗಾ. ಹಾಡೇನ್ ನಂದಾ? ನಮ್ಮತ್ತೆ ಹೇಳ್ಕೊಟ್ಟಿದ್ದು, ಅವ್ಳಿಗೆ ಅವ್ರತ್ತೆ.' ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು, 'ಆದ್ರೂ ನನ್ ಹೆಸ್ರ ಯಾಕ್ ಹಾಕ್ನಿಲ್ಲ?'

ಕಾಯ್ದೆ ತಿದ್ದಲು ಕೂರುವವರ ಮುಂದೆ ಇಡೋದಕ್ಕೆ ನಮ್ಮ ಹತ್ತಿರ ಇರೋದು ಆ ಎರಡು ಮಾತೇ. ಎರಡೂ ಬೇಕು ನಮಗೆ.

ಸುಳ್ಳು ಯಾಕೆ ಹೇಳಬೇಕು, ನಮಗೂ ಹೊಟ್ಟೆ ಉರಿದಿದೆ. ನಮ್ಮ ಪದ್ಯವೊಂದನ್ನ ಒಂದು ಸಂಕಲನದವರು ಕೇಳದೆ ಹಾಕಿಕೊಂಡರು. ಕಾಗದವಿಲ್ಲ, ಕಾಸಿಲ್ಲ, ಒಂದು ಪ್ರತಿಯೂ ಇಲ್ಲ. ಆ ಪುಸ್ತಕಕ್ಕೆ 450 ರೂಪಾಯಿ. ಅವತ್ತು ಸ್ವಾಮ್ಯ ಅನ್ನೋ ಪದ ನಮ್ಮ ಬಾಯಲ್ಲೂ ಬಂತು.

ಅವ್ವನ ಸಂಘದ ಸಾಲದಲ್ಲಿ ನಾವೇ 500 ಪ್ರತಿ ಅಚ್ಚು ಹಾಕಿಸಿದ ನಮ್ಮ ಕವನಸಂಕಲನ ಮುಗಿದಿದೆ. ಒಳಪುಟದಲ್ಲಿ 'ಹಕ್ಕುಗಳು: ಲೇಖಕರದು' ಅಂತ ಪ್ರೆಸ್ಸಿನವರೇ ಹಾಕಿದ್ದರು, ನಾವು ಗಮನಿಸಿರಲಿಲ್ಲ. ಕಳೆದ ತಿಂಗಳು ಒಂದು ಸಭೆಯಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳು ಬಂದು, ಬ್ಯಾಗಿನಿಂದ ಅದರ ಜೆರಾಕ್ಸ್ ತೆಗೆದಳು. ಕೈ ನಡುಗುತ್ತಿತ್ತು. 'ಅಣ್ಣಾ, ಪುಸ್ತಕ ಎಲ್ಲೂ ಸಿಗ್ನಿಲ್ಲ, ಬೈಬೇಡಿ' ಅಂದಳು. ತಿರುವಿ ನೋಡಿದೆವು. 23ನೇ ಪುಟ ಪೂರಾ ಕಪ್ಪಾಗಿ ಬಂದಿತ್ತು. ಪೆನ್ನು ಇಸ್ಕೊಂಡು, ಆ ಪದ್ಯವನ್ನ ಹಿಂದಿನ ಖಾಲಿ ಮಗ್ಗುಲಿನಲ್ಲಿ ಬರೆದುಕೊಟ್ಟೆವು.