ಮಲೆನಾಡಿನಲ್ಲಿ ಇಲ್ಲದ ಹಸಿರು

ಯೂಟ್ಯೂಬಿನಲ್ಲಿ ಮಲೆನಾಡು, ಡ್ರೋನ್ ಅಂತ ಹುಡುಕಿ ನೋಡಿ. ಮುಕ್ಕಾಲುವಾಸಿ ವಿಡಿಯೋಗಳಿಗೆ ಒಂದೇ ಬಣ್ಣ. ಗುಡ್ಡವೆಲ್ಲ ನೀಲಿ ಬೆರೆತ ಕಡುಹಸಿರು, ರಸ್ತೆ ಬದಿಯ ಮಣ್ಣು ಕಿತ್ತಳೆ, ಮೋಡ ಸಿನಿಮಾ ಪೋಸ್ಟರಿನ ಹಾಗೆ. ಹದಿನೆಂಟು ವರ್ಷ ಕೊಪ್ಪದ ಕಡೆ ಬೆಳೆದವನು ನಾನು, ಆ ಹಸಿರನ್ನ ಒಂದು ದಿನವೂ ಕಂಡಿಲ್ಲ ಮಾರಾಯ್ರೆ! ಅದು ಬರೋದು ಲಟ್‌ನಿಂದ. ಲಟ್ ಅಂದ್ರೆ ಲುಕಪ್ ಟೇಬಲ್.

ಹೆಸರು ಕೇಳಿ ಹೆದರಬೇಡಿ. ಪಿಯುಸಿಯಲ್ಲಿ ಕ್ಲಾರ್ಕ್ಸ್ ಟೇಬಲ್ ಹಿಡಿದು ಲಾಗ್ ಬೆಲೆ ಹುಡುಕಿದ್ದು ನೆನಪಿದೆಯಲ್ಲ? ಇದೂ ಅದೇ. ಒಳಗೆ ಬಂದ ಕೆಂಪು, ಹಸಿರು, ನೀಲಿ ಅಂಕಿಗಳಿಗೆ ಹೊರಗೆ ಯಾವ ಮೂರು ಅಂಕಿ ಕೊಡಬೇಕು ಅನ್ನೋ ಪಟ್ಟಿ. 10-ಬಿಟ್ ವಿಡಿಯೋದಲ್ಲಿ ಒಂದೊಂದು ಬಣ್ಣಕ್ಕೆ 1024 ಮೆಟ್ಟಿಲು, ಅಂದರೆ ಒಟ್ಟು 107 ಕೋಟಿ ಬಣ್ಣ. ಅಷ್ಟನ್ನೂ ಯಾರು ಬರೆದಿಡ್ತಾರೆ? ಅದಕ್ಕೇ ಸಾಮಾನ್ಯವಾಗಿ 33×33×33, ಅಂದರೆ 35,937 ಬಿಂದುಗಳಿಗೆ ಮಾತ್ರ ಉತ್ತರ ಬರೆದಿರ್ತಾರೆ. ನಡುವಿನದಕ್ಕೆ ಅಕ್ಕಪಕ್ಕದ ಬಿಂದು ನೋಡಿ ಅಂದಾಜು. ಕ್ಲಾರ್ಕ್ಸ್ ಟೇಬಲ್‌ನ ಬಲಗಡೆ ಮೀನ್ ಡಿಫರೆನ್ಸ್ ಕಾಲಂ ಇತ್ತಲ್ಲ, ಅದೇ ಕೆಲಸ. ಕ್ಯೂಬ್ ಫೈಲನ್ನ ನೋಟ್‌ಪ್ಯಾಡಿನಲ್ಲೇ ತೆರೆದು ನೋಡಬಹುದು. ಸಾಲಿಗೆ ಮೂರು ಅಂಕಿ, ಸಾವಿರಾರು ಸಾಲು, ಅಷ್ಟೇ. ದುಡ್ಡು ಕೊಟ್ಟು ಲಟ್ ಪ್ಯಾಕ್ ತಗೊಂಡವರು ಒಮ್ಮೆ ಹೀಗೆ ತೆರೆದು ನೋಡ್ಬೇಕು, ಭಕ್ತಿ ಸ್ವಲ್ಪ ಇಳಿಯುತ್ತೆ :)

ಇದರಲ್ಲಿ ಎರಡು ಜಾತಿ. ಡ್ರೋನಿನಲ್ಲಿ ಲಾಗ್ ಮೋಡಿನಲ್ಲಿ ತೆಗೆದ ವಿಡಿಯೋ ನೀರು ಜಾಸ್ತಿಯಾದ ಮಜ್ಜಿಗೆ ಥರ ಸಪ್ಪೆ ಕಾಣುತ್ತೆ. ಮೋಡದ ಬೆಳಕೂ ಮರದ ಬುಡದ ಕತ್ತಲೂ ಒಟ್ಟಿಗೆ ಹಿಡಿಯಲಿ ಅಂತ ಬೆಳಕನ್ನ ಒತ್ತಿ ತುಂಬಿರ್ತಾರೆ. ಅದನ್ನ ಬಿಡಿಸಿ ಟಿವಿಗೆ ಒಗ್ಗುವ ರೆಕ್ 709ಕ್ಕೆ ತರೋದು ಒಂದು ಜಾತಿ. ಡಿಜೆಐನವರು ತಮ್ಮ ಡಿ-ಲಾಗ್ ಎಂ‌ಗೆ ಇಂಥದ್ದನ್ನ ಪುಕ್ಕಟೆ ಕೊಡ್ತಾರೆ. ಇನ್ನೊಂದು ಜಾತಿ ಅಲಂಕಾರದ್ದು. ಹಸಿರನ್ನ ನೀಲಿ ಕಡೆಗೆ ತಳ್ಳು, ಹಳದಿಯನ್ನ ಹಸಿರಿಗೆ ತಳ್ಳು, ಹೀಗೆ. ಪಟ್ಟಿಗೆ ಅದು ಎಲೆಯೋ ಸೀರೆಯೋ ಗೊತ್ತಿಲ್ಲ. ಅಂಕಿ ಬಂತು, ಅಂಕಿ ಹೋಯ್ತು.

2024ರ ನವೆಂಬರಿನಲ್ಲಿ ಗೆಳೆಯನ ಮಿನಿ 4 ಪ್ರೊ ತಗೊಂಡು ಊರಿಗೆ ಹೋಗಿದ್ದೆ. ಮೇಲಿನ ತುಂಡಿನ ಅಡಿಕೆ ಮರಗಳಿಗೆ ಹಳದಿ ಎಲೆ ರೋಗ. ಇದಕ್ಕೆ ಮದ್ದಿಲ್ಲ ಅನ್ನೋದು ನಮ್ಮ ಕಡೆಯವರಿಗೆಲ್ಲ ಗೊತ್ತು. ಹೊರಸುತ್ತಿನ ಸೋಗೆಗಳ ತುದಿಯಿಂದ ಹಳದಿ ಶುರುವಾಗುತ್ತೆ, ನಡುವಿನ ದಿಂಡು ಮಾತ್ರ ಹಸಿರಾಗೇ ಇರುತ್ತೆ. ನೆಲದಲ್ಲಿ ನಿಂತು ಕತ್ತೆತ್ತಿದರೆ ಆಕಾಶದ ಬೆಳಕಿಗೆ ಸರಿಯಾಗಿ ಕಾಣಲ್ಲ. ಮೇಲಿಂದ ನೋಡಿದರೆ ಮರದ ತಲೆ ಸುತ್ತ ಹಳದಿ ಬಳೆ ತೊಡಿಸಿದ ಹಾಗೆ.

ಆ ತೋಟದಲ್ಲಿ ಮುಂಬಯಿಯ ಚಿಕ್ಕಪ್ಪನಿಗೂ ಪಾಲಿದೆ. ಹೊಸ ಸಸಿ ನೆಡೋದಾ, ಅಡಿಕೆ ಬಿಟ್ಟು ಬೇರೆ ಹಾಕೋದಾ ಅನ್ನೋ ಮಾತು ಎರಡು ವರ್ಷದಿಂದ ಫೋನಿನಲ್ಲೇ ಸುತ್ತುತ್ತಿತ್ತು. ವೈಟ್ ಬ್ಯಾಲೆನ್ಸ್ 5600ಕ್ಕೆ ಲಾಕ್ ಮಾಡಿ ಇಡೀ ತೋಟ ಹಾರಿಸಿ ತೆಗೆದೆ. ಆಟೋ ಬಿಟ್ಟರೆ ಡ್ರೋನ್ ತಿರುಗಿದಾಗೆಲ್ಲ ಹಳದಿ ಬದಲಾಗ್ತಿರುತ್ತೆ, ಮರ ಮರ ಹೋಲಿಸೋಕೆ ಆಗಲ್ಲ.

ಫೈಲನ್ನ ಅತ್ತೆ ಮಗನೂ ಕಾಪಿ ಮಾಡಿಕೊಂಡಿದ್ದ. ಮದುವೆ ವಿಡಿಯೋ ಎಡಿಟ್ ಮಾಡೋ ಹುಡುಗ, ಕೈಚಳಕ ಚೆನ್ನಾಗಿದೆ. ರಾತ್ರಿಯೊಳಗೆ ಯಾವುದೋ 'ಟ್ರಾಪಿಕಲ್' ಲಟ್ ಹಾಕಿ, ಕೊಳಲು ಸಂಗೀತ ಸೇರಿಸಿ ಮನೆಯವರ ವಾಟ್ಸಾಪ್ ಗುಂಪಿಗೆ ಬಿಟ್ಟ. ಎಲ್ಲರೂ ಹೃದಯದ ಗುರುತು ಒತ್ತಿದ್ದೇ ಒತ್ತಿದ್ದು. ಚಿಕ್ಕಪ್ಪನ ಉತ್ತರ ಬಂತು: "ತೋಟ ಚೆನ್ನಾಗೇ ಇದ್ಯಲ್ಲ! ಅಣ್ಣಯ್ಯ ಸುಮ್ನೆ ತಲೆ ಕೆಡಿಸ್ಕೊಂಡಿದಾನೆ."

ಅಪ್ಪ ಆ ವಿಡಿಯೋವನ್ನ ಎರಡು ಸಲ ನೋಡಿದರು. "ಇದ್ಯಾರ ತೋಟವೋ?" ಅಂದರು. ಕುಹಕ ಅಂದುಕೊಂಡೆ. ಅಲ್ಲ, ನಿಜವಾಗಿ ಕೇಳಿದ್ದು.

ರಾತ್ರಿ ರಿಸಾಲ್ವ್ ತೆರೆದು ಕೂತೆ. ಮೊದಲು ಎಕ್ಸ್‌ಪೋಷರ್ ಸರಿಮಾಡಿ, ಆಮೇಲೆ ಡಿಜೆಐ ಲಟ್ ಒಂದೇ. ಮತ್ತೇನೂ ಹಾಕಲಿಲ್ಲ. ಈ ಕ್ರಮ ಮುಖ್ಯ, ಯಾಕಂದ್ರೆ ಪಟ್ಟಿ ಬಿಳಿಗೆ ಒಮ್ಮೆ ಕತ್ತರಿಸಿದ್ದನ್ನ ಆಮೇಲೆ ಎಷ್ಟು ತಗ್ಗಿಸಿದರೂ ವಾಪಸ್ ಬರಲ್ಲ. ಎಡಕ್ಕೆ ಟ್ರಾಪಿಕಲ್, ಬಲಕ್ಕೆ ನನ್ನದು, ಒಂದೇ ಕ್ಷಣ, ಒಂದೇ ಮರಗಳು. ಎಡಗಡೆ ಹಳದಿ ಬಳೆಗಳೆಲ್ಲ ಹಸಿರಲ್ಲಿ ಕರಗಿ ಹೋಗಿದ್ದವು. ಬಲಗಡೆ ಎಣಿಸಬಹುದಿತ್ತು. ಅಪ್ಪ ಪಕ್ಕದಲ್ಲಿ ಕೂತು ಎಣಿಸಿಯೂ ಬಿಟ್ಟರು. ಮೇಲಿನ ತುಂಡಿನಲ್ಲಿ ಅರ್ಧಕ್ಕಿಂತ ಹೆಚ್ಚು.

ಅದನ್ನ ಗುಂಪಿಗೆ ಹಾಕಲಿಲ್ಲ, ಚಿಕ್ಕಪ್ಪನಿಗೊಬ್ಬರಿಗೇ ಕಳಿಸಿದೆ. ಹುಡುಗನ ಕೆಲಸವನ್ನ ಎಲ್ಲರೆದುರು ಯಾಕೆ ಬಯ್ಯಿಸೋದು? ಅವನು ಮಾಡಿದ್ದು ಚಂದದ ವಿಡಿಯೋನೇ. ಅತ್ತೆ ಅದನ್ನೇ ಈಗಲೂ ಬಂದವರಿಗೆಲ್ಲ ತೋರಿಸ್ತಾರೆ. ನನಗೂ ಗೋವಾ ಟ್ರಿಪ್ಪಿನ ವಿಡಿಯೋಗೆ ಅಲಂಕಾರದ ಲಟ್ ಬೇಕೇ ಬೇಕು.

ಅರ್ಧ ಗಂಟೆಗೆ ಚಿಕ್ಕಪ್ಪನ ಫೋನ್ ಬಂತು, ನನಗಲ್ಲ, ಅಪ್ಪನಿಗೆ. ಜಗಲಿಯಲ್ಲಿ ಓಡಾಡ್ತಾ ಬಹಳ ಹೊತ್ತು ಮಾತಾಡಿದರು. 2025ರ ಯುಗಾದಿಗೆ ಚಿಕ್ಕಪ್ಪ ಊರಿಗೆ ಬಂದಿದ್ದಾಗ ಇಬ್ಬರೂ ಮೇಲಿನ ತುಂಡು ಸುತ್ತಿದರು. ಮಳೆ ಹಿಡಿದ ಮೇಲೆ ಅಲ್ಲಿ ಕಾಫಿ ಗಿಡ ಇಟ್ಟಾಯ್ತು. ಅಡಿಕೆ ಮರಗಳನ್ನ ಪೂರ್ತಿ ಕಡಿಸೋಕೆ ಮಾತ್ರ ಅಪ್ಪ ಒಪ್ಪಿಲ್ಲ.